ಗೋವೆಯನ್ನಾಳಿದ ಅರಮನೆಯ ಪಿಯಾನೊ

ಕಾರವಾರದಲ್ಲಿ ಪೋರ್ಚುಗೀಸರ ಮಾತೆತ್ತಿದರೆ ಕೋಟೆ, ಹಡಗು, ಮೆಣಸು ಇಷ್ಟೇ ನೆನಪಾಗುತ್ತವೆ. 1752ರಲ್ಲಿ ಅವರು ಸೋಂದೆ ಅರಸರಿಂದ ಸದಾಶಿವಗಡವನ್ನು ಕಸಿದುಕೊಂಡರು. ಅದೇ ವರ್ಷದಿಂದ ಅತ್ತ ಸ್ಪೇನಿನಲ್ಲಿ ರಾಣಿ ಮರಿಯಾ ಬಾರ್ಬರಾಳಿಗಾಗಿ ಸೊನಾಟಾಗಳನ್ನು, ಅಂದರೆ ಕೀಲಿಮಣೆ ವಾದ್ಯಕ್ಕೆ ಬರೆದ ಕಿರು ಕೃತಿಗಳನ್ನು, ಸಂಪುಟ ಸಂಪುಟವಾಗಿ ನಕಲು ಮಾಡಿಸಲಾಗುತ್ತಿತ್ತು. ಬರೆದವನು ಆಕೆಯ ಸಂಗೀತ ಗುರು, ಇಟಲಿಯ ದೊಮೆನಿಕೊ ಸ್ಕಾರ್ಲಾತ್ತಿ. ರಾಣಿ ಪೋರ್ಚುಗಲ್ಲಿನ ಮಗಳು. ಗೋವೆಯನ್ನು ಆಳುತ್ತಿದ್ದ ಮನೆತನದವಳು. 1729ರಲ್ಲಿ ಮದುವೆಯಾಗಿ ಸ್ಪೇನಿಗೆ ಹೊರಟಾಗ ಗುರುವೂ ಹಿಂದೆಯೇ ಹೋದ. ಮೊದಲು ಸೆವಿಲ್, 1733ರಿಂದ ಮ್ಯಾಡ್ರಿಡ್.

ಈ ಮನೆತನಕ್ಕೆ ಪಿಯಾನೊದ ನಂಟೂ ಇತ್ತು. ಪಿಯಾನೊಗೆಂದೇ ಬರೆದು ಅಚ್ಚಾದ ಮೊದಲ ಕೃತಿಗಳು ಇಟಲಿಯ ಜ್ಯುಸ್ತೀನಿಯ 12 ಸೊನಾಟಾಗಳು. 1732ರಲ್ಲಿ ಫ್ಲಾರೆನ್ಸಿನಲ್ಲಿ ಹೊರಬಂದ ಆ ಪುಸ್ತಕದ ಅರ್ಪಣೆ ಈ ಮರಿಯಾಳ ಚಿಕ್ಕಪ್ಪ ಡೊಮ್ ಆಂಟೋನಿಯೊಗೆ. ನಮ್ಮ ತೀರದ ಇತಿಹಾಸದಲ್ಲಿ ಬರೀ ಫಿರಂಗಿ ಸದ್ದು ಕೇಳಿಸುವ ಮನೆತನಕ್ಕೆ ಇಂಥದೊಂದು ಮುಖವೂ ಇತ್ತು.

ಆಗಿನ ಪಿಯಾನೊ ಇಂದಿನದಲ್ಲ. ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಹೊತ್ತಿಗೆ ಅದನ್ನು ಕಟ್ಟಿದ. ಅವನ ಕೈಯವು ಮೂರೇ ಉಳಿದಿವೆ: 1720ರದು ನ್ಯೂಯಾರ್ಕಿನಲ್ಲಿ, 1722ರದು ರೋಮಿನಲ್ಲಿ, 1726ರದು ಲೈಪ್ಜಿಗ್‌ನಲ್ಲಿ. ಕಬ್ಬಿಣದ ಚೌಕಟ್ಟಿಲ್ಲ, ತಂತಿಗಳು ತೆಳು, ಸುತ್ತಿಗೆಯ ತುದಿಗೆ ಚರ್ಮ. ನಾದ ಮೆಲ್ಲಗೆ ಹುಟ್ಟಿ ಬೇಗ ಆರುತ್ತದೆ.

ಅಂಕೋಲೆಯ ಭಜನೆ, ನಾಟಕಗಳ ಹಾರ್ಮೋನಿಯಂ ಕೇಳಿ ಬೆಳೆದವರಿಗೆ ಪಿಯಾನೊದ ವಿಶೇಷ ಥಟ್ಟನೆ ಹೊಳೆಯುತ್ತದೆ. ಹಾರ್ಮೋನಿಯಂನಲ್ಲಿ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಸದ್ದು ಒಂದೇ. ಏರಿಳಿತವೆಲ್ಲ ತಿದಿಯ ಕೈಯಲ್ಲಿ. ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ಪಕ್ಷಿಗರಿಯ ತುದಿ ತಂತಿಯನ್ನು ಮೀಟುತ್ತದೆ. ಅಲ್ಲೂ ಬೆರಳಿನ ಭಾರಕ್ಕೆ ಬೆಲೆಯಿಲ್ಲ. ಪಿಯಾನೊ ಮಾತ್ರ ಬೆರಳು ಹೇಳಿದಂತೆ ಕೇಳುತ್ತದೆ.

ಸ್ಕಾರ್ಲಾತ್ತಿ 555 ಸೊನಾಟಾ ಬರೆದ. ಹೆಚ್ಚಿನವು ಎರಡೇ ಭಾಗದವು, ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸುವುದು ರೂಢಿ. ರಾಲ್ಫ್ ಕಿರ್ಕ್‌ಪ್ಯಾಟ್ರಿಕ್ 1953ರಲ್ಲಿ ಕೊಟ್ಟ ಕ್ರಮಸಂಖ್ಯೆಯೇ ಇಂದು ಅವುಗಳ ಹೆಸರು. 141ನೆಯದನ್ನು ಕೇಳಿ. ಒಂದೇ ಸ್ವರವನ್ನು ಬೆರಳು ಬದಲಿಸುತ್ತ ಆರಾರು ಸಲ ಪಟಪಟನೆ ತಟ್ಟಬೇಕು. ಎಡಗೈಯಲ್ಲಿ ಒಂದಕ್ಕೊಂದು ಒಗ್ಗದ ಸ್ವರಗಳ ಗೊಂಚಲು. ಗಿಟಾರಿನ ತಂತಿಗಳನ್ನೆಲ್ಲ ಒಮ್ಮೆಗೇ ಬಾಚಿದ ಸದ್ದು ಅದು. 119ರಲ್ಲಿ ಆ ಗೊಂಚಲಿಗೆ ಸ್ವರದ ಮೇಲೆ ಸ್ವರ ಸೇರಿ ಗದ್ದಲವೇ ಆಗುತ್ತದೆ. ಹಾರ್ಪ್ಸಿಕಾರ್ಡ್‌ನಲ್ಲಿ ಸದ್ದು ಏರಿಸಲು ಹೀಗೆ ಸ್ವರ ಹೆಚ್ಚಿಸುವುದೂ ಒಂದು ದಾರಿ. ಈ ಸೊನಾಟಾವನ್ನೇ ಹಳೆಯ ಪಿಯಾನೊದಲ್ಲಿ ನುಡಿಸಿದಾಗ ಕಲಾವಿದ ಗೊಂಚಲಿನ ಒಳಗಿಂದ ಒಂದೇ ಸ್ವರವನ್ನು ಎತ್ತಿ ತೋರಿಸಬಹುದು. ಇಂದಿನ ದೊಡ್ಡ ಪಿಯಾನೊದಲ್ಲಿ ಇದೇ ಭಾಗ ಕೆಸರಾಗುತ್ತದೆ. ನನಗಂತೂ ಅದು ರುಚಿಸುವುದಿಲ್ಲ.

ಹಾಗಾದರೆ ಸ್ಕಾರ್ಲಾತ್ತಿಯ ಸೊನಾಟಾಗಳು ಪಿಯಾನೊಗೆಂದೇ ಹುಟ್ಟಿದವೇ? ಅಷ್ಟು ಸಲೀಸಾಗಿ ಹೌದೆನ್ನಲಾಗದು. 1758ರಲ್ಲಿ ರಾಣಿ ತೀರಿಕೊಂಡಾಗ ಮಾಡಿದ ಪಟ್ಟಿಯಲ್ಲಿ 12 ಕೀಲಿಮಣೆ ವಾದ್ಯಗಳಿದ್ದವು. ಫ್ಲಾರೆನ್ಸ್ ಪಿಯಾನೊಗಳು ಐದು, ಅದರಲ್ಲೂ ಎರಡನ್ನು ಅಷ್ಟರಲ್ಲೇ ಹಾರ್ಪ್ಸಿಕಾರ್ಡ್ ಆಗಿ ಮಾರ್ಪಡಿಸಿದ್ದರು! ಕಡೆಗಾಲದ ಕೆಲವು ಸೊನಾಟಾಗಳು ಪೂರಾ ಐದು ಸಪ್ತಕ ಬೇಡುತ್ತವೆ. ರಾಣಿಯ ಪಿಯಾನೊಗಳಿಗೆ ಅಷ್ಟು ಉದ್ದದ ಕೀಲಿಮಣೆ ಇರಲಿಲ್ಲ. ಮಿಕ್ಕವುಗಳಲ್ಲಿ ಹಲವನ್ನು ಎರಡರಲ್ಲೂ ನುಡಿಸಬಹುದಿತ್ತು.

ಮುಂದಿನ ಪೀಳಿಗೆಯಲ್ಲಿ ಸ್ಪೇನಿನ ಎಸ್ಕೊರಿಯಲ್ ಮಠದ ಸನ್ಯಾಸಿ ಆಂಟೋನಿ ಸೊಲೆರ್ ನೂರಕ್ಕೂ ಮಿಕ್ಕಿ ಸೊನಾಟಾ ಬರೆದ. ಅವನಿಗಿಂತ ನನಗೆ ಹತ್ತಿರದವನು ಸೆವಿಲ್‌ನ ಆರ್ಗನ್ ವಾದಕ ಮಾನುಯೆಲ್ ಬ್ಲಾಸ್ಕೊ ದೆ ನೆಬ್ರಾ. 1780ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾದ ಅವನ ಆರು ಸೊನಾಟಾಗಳ ಮುಖಪುಟದಲ್ಲೇ ಹಾರ್ಪ್ಸಿಕಾರ್ಡ್ ಜೊತೆಗೆ ಪಿಯಾನೊದ ಹೆಸರೂ ಇದೆ. ಒಂದೊಂದೂ ವಿಳಂಬದಲ್ಲಿ ಶುರುವಾಗಿ ದ್ರುತಕ್ಕೆ ಹೊರಳುತ್ತದೆ. 1784ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಹೊಸದಾಗಿ ಕೇಳುವವರು ಅವನ ವಿಳಂಬ ಭಾಗಗಳಿಂದ ಶುರು ಮಾಡಲಿ. 141ರ ಅಬ್ಬರ ಆಮೇಲೆ ಇದ್ದೇ ಇದೆ.