ಅರೆವೈದ್ಯಕೀಯ ಪದವಿ: ಸಾಲ ಮತ್ತು ಸಂಪಾದನೆ
(ಗುಜರಾತಿನ ಮೂರು ನಗರಗಳನ್ನು ಕುರಿತು)

ಪ್ರಯೋಗಾಲಯ, ಕ್ಷ-ಕಿರಣ ಹಾಗೂ ಡಯಾಲಿಸಿಸ್ ವಿಭಾಗಗಳ ತಂತ್ರಜ್ಞರು, ಫಿಸಿಯೋಥೆರಪಿ ಚಿಕಿತ್ಸಕರು ಮೊದಲಾದವರನ್ನು ಕನ್ನಡದಲ್ಲಿ 'ಅರೆವೈದ್ಯಕೀಯ' ಸಿಬ್ಬಂದಿಯೆಂದು ಕರೆಯುವ ರೂಢಿಯಿದೆ. ಈ ಪದವಿಗಾಗಿ ಸಾಲ ಮಾಡುವ ಕುಟುಂಬವು ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಟೆಲು, ವ್ಯಾಪಾರ, ಕೈಗಾರಿಕೆಗಳ ನಿಮಿತ್ತ ಇಲ್ಲಿ ನೆಲೆಸಿರುವ ಹೊರನಾಡ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ಹೊರತಲ್ಲ.

ಅಮೆರಿಕದಲ್ಲಿ ಇಂಥ ಶಿಕ್ಷಣದ ಬಹುಭಾಗ ಎರಡು ವರ್ಷಗಳ ಸಮುದಾಯ ಕಾಲೇಜುಗಳಲ್ಲಿ ನಡೆಯುತ್ತದೆ. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೩ರಲ್ಲಿ ಸಮುದಾಯ ಕಾಲೇಜುಗಳ ಯೋಜನೆಯನ್ನು ರೂಪಿಸಿತಾದರೂ, ಆಸ್ಪತ್ರೆಯ ತಂತ್ರಜ್ಞರನ್ನು ಸಿದ್ಧಪಡಿಸುವ ಹೊಣೆ ಮುಖ್ಯವಾಗಿ ವೈದ್ಯಕೀಯ ಕಾಲೇಜುಗಳ ಮತ್ತು ಖಾಸಗಿ ಸಂಸ್ಥೆಗಳ ಮೇಲೆಯೇ ಉಳಿದಿದೆ. ಅಹಮದಾಬಾದಿನಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜು ಮತ್ತು ಸಿವಿಲ್ ಆಸ್ಪತ್ರೆ, ವಡೋದರಾದಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು, ಸೂರತ್ತಿನಲ್ಲಿ ಸರ್ಕಾರಿ ಕಾಲೇಜಿನ ಜೊತೆಗೆ ಮಹಾನಗರಪಾಲಿಕೆಯದೇ ಆದ ವೈದ್ಯಕೀಯ ಸಂಸ್ಥೆ ಇವೆ. ಸರ್ಕಾರಿ ಸೀಟು ದೊರೆತವನಿಗೆ ಸಾಲದ ಪ್ರಶ್ನೆ ಅಷ್ಟಾಗಿ ಕಾಡದು. ಖಾಸಗಿ ಕಾಲೇಜನ್ನು ಸೇರುವವನಿಗೆ ಅದೇ ಮೊದಲ ಪ್ರಶ್ನೆ.

ಮೊದಲು ಸಾಲದ ಸ್ವರೂಪವನ್ನು ನೋಡೋಣ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ವ್ಯಾಸಂಗದ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಆ ಕಾಲದ ಸರಳಬಡ್ಡಿ ಅಸಲಿಗೆ ಸೇರುತ್ತದೆ. ಉದಾಹರಣೆಗೆ, ನಾಲ್ಕು ವರ್ಷಗಳ ಪದವಿಗೆ ಪ್ರತಿ ವರ್ಷದ ಆರಂಭದಲ್ಲಿ ೭೫,೦೦೦ ರೂಪಾಯಿಯಂತೆ ಒಟ್ಟು ೩ ಲಕ್ಷ ರೂಪಾಯಿಗಳನ್ನು ಶೇಕಡಾ ೧೦ರ ಬಡ್ಡಿಗೆ ಪಡೆದನೆಂದು ಭಾವಿಸೋಣ. ಮರುಪಾವತಿ ಆರಂಭವಾಗುವ ವೇಳೆಗೆ ೧,೦೫,೦೦೦ ರೂಪಾಯಿ ಬಡ್ಡಿ ಸೇರಿ ಸಾಲ ೪,೦೫,೦೦೦ ಆಗಿರುತ್ತದೆ. ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ೬,೭೨೦ ರೂಪಾಯಿ ಬೇಕು. ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತ ಬಂದಿದ್ದರೆ ಕಂತು ಸುಮಾರು ೪,೯೮೦ಕ್ಕೆ ನಿಲ್ಲುತ್ತದೆ. ವಾರ್ಷಿಕ ವರಮಾನ ೪.೫ ಲಕ್ಷ ರೂಪಾಯಿ ಮೀರದ ಕುಟುಂಬಗಳಿಗೆ, ನಿಗದಿತ ಸಂಸ್ಥೆ ಮತ್ತು ವ್ಯಾಸಂಗಗಳ ಮಟ್ಟಿಗೆ, ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ೨೦೦೯ರಿಂದ ಇದೆ. ಗುಜರಾತ್ ಸರ್ಕಾರ ೨೦೧೫ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಯುವ ಸ್ವಾವಲಂಬನ ಯೋಜನೆಯು ೬ ಲಕ್ಷದೊಳಗಿನ ವರಮಾನದ ಅರ್ಹ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದ ಅರ್ಧವನ್ನು ಒಂದು ಮಿತಿಗೊಳಪಟ್ಟು ನೀಡುತ್ತದೆ. ಸಾಲದ ಮೊತ್ತವನ್ನು ಗೊತ್ತುಪಡಿಸುವುದಕ್ಕೆ ಮುನ್ನವೇ ಇವೆರಡನ್ನೂ ವಿಚಾರಿಸಿಕೊಳ್ಳುವುದು ಉಚಿತ.

ಇನ್ನು ಸಂಪಾದನೆ. ಗುಜರಾತ್ ಸರ್ಕಾರದ ಮೂರನೆಯ ವರ್ಗದ ಹುದ್ದೆಗಳಿಗೆ ಸೇರುವವರು ಮೊದಲ ಐದು ವರ್ಷ ಪೂರ್ಣ ವೇತನಶ್ರೇಣಿಯನ್ನಲ್ಲ, ನಿಗದಿತ ವೇತನವನ್ನು ಪಡೆಯುತ್ತಾರೆ. ೨೦೨೩ರ ಅಕ್ಟೋಬರಿನಲ್ಲಿ ಇದನ್ನು ಶೇಕಡಾ ೩೦ರಷ್ಟು ಏರಿಸಿದಾಗ ೧೯,೯೫೦ ಇದ್ದದ್ದು ೨೬,೦೦೦ ಆಯಿತು. ೩೧,೩೪೦ ಇದ್ದದ್ದು ೪೦,೮೦೦ ಆಯಿತು. ೨೬,೦೦೦ ರೂಪಾಯಿ ವೇತನದಲ್ಲಿ ೪,೯೮೦ರ ಕಂತು ಐದನೆಯ ಒಂದು ಪಾಲಿಗಿಂತ ತುಸು ಕಡಿಮೆ. ೬,೭೨೦ರ ಕಂತು ಕಾಲು ಪಾಲಿಗಿಂತ ಹೆಚ್ಚು. ಸಾಲ ತೀರಿಸುವ ಕಾಲದ ಬಹುಭಾಗ ನಿಗದಿತ ವೇತನದ ಕಾಲದಲ್ಲಿಯೇ ಕಳೆಯುವುದರಿಂದ, ಮುಂದೆ ಬರಬಹುದಾದ ಶ್ರೇಣಿಯನ್ನು ನೆಚ್ಚಿ ಸಾಲ ಮಾಡುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಸಂಪಾದನೆಯ ಮೇಲ್ಮಿತಿಯನ್ನು ನಿರ್ಧರಿಸುವುದು ಮಾತ್ರ ವೇತನವಲ್ಲ, ಕಾನೂನು. ಇದಕ್ಕೆ ಗುಜರಾತೇ ಸಾಕ್ಷಿ. ಪ್ರಯೋಗಾಲಯ ತಂತ್ರಜ್ಞರು ಸ್ವತಂತ್ರವಾಗಿ ರೋಗಪರೀಕ್ಷಾ ಕೇಂದ್ರ ನಡೆಸಬಹುದೇ ಎಂಬ ವಿವಾದವು ಉತ್ತರ ಗುಜರಾತಿನಿಂದ ಉಚ್ಚ ನ್ಯಾಯಾಲಯಕ್ಕೆ ಬಂದು, ೨೦೧೦ರಲ್ಲಿ ತೀರ್ಪು ತಂತ್ರಜ್ಞರಿಗೆ ವಿರುದ್ಧವಾಯಿತು. ಪರೀಕ್ಷಾ ವರದಿಗೆ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಅರ್ಹತೆಯುಳ್ಳ ನೋಂದಾಯಿತ ವೈದ್ಯರ ಸಹಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೭ರ ಡಿಸೆಂಬರಿನಲ್ಲಿ ಹೇಳಿತು. ಆದ್ದರಿಂದ ಈ ಪದವೀಧರನು ಸ್ವಂತ ಪ್ರಯೋಗಾಲಯದ ಲಾಭವನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡುವಂತಿಲ್ಲ. ಅವನ ಆಧಾರ ವೇತನವೊಂದೇ. ಫಿಸಿಯೋಥೆರಪಿಯವರಿಗೆ ಸ್ವಂತ ಚಿಕಿತ್ಸಾಲಯದ ಮಾರ್ಗವುಂಟು. ಆದರೆ ಅದಕ್ಕೆ ಮಳಿಗೆ ಮತ್ತು ಸಲಕರಣೆಗಳಿಗಾಗಿ ಎರಡನೆಯ ಬಂಡವಾಳ ಬೇಕು.

ಮೂರನೆಯ ಅಂಶ ಮಾನ್ಯತೆ. ೨೦೨೧ರ ರಾಷ್ಟ್ರೀಯ ಆಯೋಗದ ಕಾಯಿದೆಯು ಈ ವೃತ್ತಿಗಳಿಗೆ ಕಲಿಕೆಯ ಕನಿಷ್ಠ ಗಂಟೆಗಳನ್ನು ವಿಧಿಸಿದೆ: ಸಹವರ್ತಿ ವೃತ್ತಿಗಳಿಗೆ ೨,೦೦೦ ಗಂಟೆ, ಆರೋಗ್ಯ ವೃತ್ತಿಗಳಿಗೆ ೩,೬೦೦ ಗಂಟೆ. ೨೦೨೫ರಲ್ಲಿ ಅನುದಾನ ಆಯೋಗವು ಈ ಕಾಯಿದೆಯ ವ್ಯಾಪ್ತಿಯ ವಿಷಯಗಳನ್ನು ದೂರಶಿಕ್ಷಣದ ಮೂಲಕ ಬೋಧಿಸುವುದನ್ನು ನಿಲ್ಲಿಸಿತು. ಮಾನ್ಯತೆಯಿಲ್ಲದ ಪ್ರಮಾಣಪತ್ರಕ್ಕೆ ಮಾಡಿದ ಸಾಲವು ಎಷ್ಟೇ ಅಲ್ಪವಾದರೂ ಪೂರ್ತಿ ನಷ್ಟವೇ ಸರಿ.

ಒಟ್ಟಿನಲ್ಲಿ, ಸಾಲವನ್ನು ಪದವಿಯ ಹೆಸರಿನೊಡನೆ ತೂಗದೆ, ಆ ಪದವಿಯಿಂದ ಕಾನೂನು ಅನುಮತಿಸುವ ಕೆಲಸ ಮತ್ತು ಅದರ ಮೊದಲ ಐದು ವರ್ಷಗಳ ವೇತನದೊಡನೆ ತೂಗಬೇಕು. ಕಾಯಿದೆ ಇಡೀ ದೇಶಕ್ಕೆ ಒಂದೇ ಆಗಿದ್ದರೂ ವೇತನದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಅನ್ಯ ರಾಜ್ಯಗಳ ಅಧ್ಯಯನಕಾರರು ತಮ್ಮ ತಮ್ಮ ನಗರಗಳ ಬಗ್ಗೆ ಇದೇ ಲೆಕ್ಕವನ್ನು ಮಾಡಿ ನೋಡುವುದು ಅವಶ್ಯ.