ವಿಯೆನ್ನಾ ಬಿಟ್ಟು ಬಂದ ಇವಾನ್ ಜಾಯ್ಟ್ಸ್

ರಾತ್ರಿ ಪಾಳಿಯಲ್ಲಿ ಸರ್ವರ್ ಅಪ್‌ಗ್ರೇಡ್ ಮುಗಿಯಲೆಂದು ಕಾಯುತ್ತಾ ಯೂಟ್ಯೂಬ್ ನೋಡುತ್ತಿದ್ದಾಗ ಜಪಾನೀ ಗಂಡಸರ ಗಾಯನ ತಂಡವೊಂದು ಕಣ್ಣಿಗೆ ಬಿತ್ತು. ಹಾಡು ಜಪಾನೀ ಭಾಷೆಯದಲ್ಲ, ಕ್ರೊಯೇಷಿಯಾದ್ದು. ‘ಉ ಬೊಯ್’, ಅಂದರೆ ‘ಯುದ್ಧಕ್ಕೆ’. ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಊರಿಗೆ ಮರಳುವ ದಾರಿಯಲ್ಲಿ ಕೋಬೆ ಬಂದರಿನಲ್ಲಿ ತಂಗಿದ್ದ ಜೆಕ್ ಸೈನಿಕರಿಂದ ಕ್ವಾನ್ಸೆಯಿ ಗಾಕುಯಿನ್ ವಿದ್ಯಾರ್ಥಿಗಳು ಇದನ್ನು ಕಲಿತರಂತೆ. ಇಂದಿಗೂ ಹಾಡುತ್ತಾರೆ. ಇದನ್ನು ಕಟ್ಟಿದವನು ಯಾರೆಂದು ಹುಡುಕುತ್ತಾ ಹೋದೆ. ಆತನ ಕಥೆ ಹೊರನಾಡಿನಲ್ಲಿರುವ ನಮ್ಮಂಥವರು ಓದಬೇಕಾದ್ದು ಅನ್ನಿಸಿತು.

ಇವಾನ್ ಜಾಯ್ಟ್ಸ್ ಹುಟ್ಟಿದ್ದು 1832ರಲ್ಲಿ, ಏಡ್ರಿಯಾಟಿಕ್ ಕಡಲ ದಂಡೆಯ ರಿಯೆಕಾದಲ್ಲಿ. ಅಪ್ಪ ಜೆಕ್ ಮೂಲದ, ಸೇನೆಯ ಬ್ಯಾಂಡ್ ಮಾಸ್ತರ. ಊರಿನ ನಾಟಕ, ಸಂಗೀತವೆಲ್ಲ ಹೆಚ್ಚಾಗಿ ಇಟಾಲಿಯನ್‌ನಲ್ಲಿ. ಹುಡುಗ ಮಿಲಾನಿನ ಸಂಗೀತ ಶಾಲೆಯಲ್ಲಿ ಕಲಿತು, 1855ರಲ್ಲಿ ಅಲ್ಲಿ ಬರೆದ ಆಪೆರಾಗೆ ಬಹುಮಾನವನ್ನೂ ಗಿಟ್ಟಿಸಿದ. ಹೆತ್ತವರು ತೀರಿಕೊಂಡ ಮೇಲೆ ರಿಯೆಕಾಗೆ ಬಂದು ಪಾಠ ಹೇಳುತ್ತಾ, ಅಲ್ಲಿನ ರಂಗಮಂದಿರದ ವಾದ್ಯವೃಂದ ನಡೆಸುತ್ತಾ ಇದ್ದ. 1862ರಲ್ಲಿ ಗಂಟುಮೂಟೆ ಕಟ್ಟಿ ವಿಯೆನ್ನಾಗೆ ಹೊರಟ.

ಆಗ ವಿಯೆನ್ನಾ ಅಂದರೆ ಸಂಗೀತಗಾರರ ಬೆಂಗಳೂರು, ಮುಂಬೈ ಎಲ್ಲ ಒಂದೇ ಕಡೆ ಸೇರಿದ ಹಾಗೆ. ಅಲ್ಲಿ ಈತ ಜೊವಾನಿ ಫಾನ್ ಜಾಯ್ಟ್ಸ್. ಇಟಾಲಿಯನ್ ಹೆಸರು, ಜರ್ಮನ್ ಹಾಡುಗಳು. 1863ರಲ್ಲಿ ‘ಮಾನ್‌ಶಾಫ್ಟ್ ಆನ್ ಬೋರ್ಡ್’ ಎಂಬ ಅಪೆರೆಟ್ಟಾ ಗೆದ್ದಿತು. ಅಪೆರೆಟ್ಟಾ ಎಂದರೆ ಹಾಡು, ಮಾತು, ನಗು ಬೆರೆತ ಹಗುರ ನಾಟಕ. ಒಂದರ ಹಿಂದೊಂದು ಬಂದವು.

ಇಷ್ಟರಲ್ಲೇ ಇನ್ನೊಂದು ನಡೆಯುತ್ತಿತ್ತು. ವಿಯೆನ್ನಾದಲ್ಲಿ ಓದುತ್ತಿದ್ದ ಕ್ರೊಯೇಷಿಯಾದ ವಿದ್ಯಾರ್ಥಿಗಳದೊಂದು ಸಂಘವಿತ್ತು. ನಮ್ಮ ಕನ್ನಡ ಸಂಘಗಳನ್ನು ನೆನಪಿಸಿಕೊಳ್ಳಿ, ಅರ್ಥವಾಗುತ್ತದೆ. ಅವರಿಗಾಗಿ 1866ರಲ್ಲಿ ಜಾಯ್ಟ್ಸ್ ಕಟ್ಟಿಕೊಟ್ಟ ಹಾಡೇ ‘ಉ ಬೊಯ್’. ಸಾಹಿತ್ಯ ಫ್ರಾನ್ಯೊ ಮಾರ್ಕೊವಿಚ್‌ನದು. ಅಂದರೆ ಆ ದೇಶದ ಅತಿ ಪ್ರಸಿದ್ಧ ಸಮೂಹಗಾನ ಹುಟ್ಟಿದ್ದು ಹೊರನಾಡಿನಲ್ಲಿ!

ಕವಿಗಳಾದ ಶೆನೊವಾ, ಪ್ರೆರಾಡೊವಿಚ್, ಬಿಷಪ್ ಸ್ಟ್ರೊಸ್‌ಮಾಯರ್ ಮುಂತಾದವರು ಜಾಗ್ರೆಬ್‌ಗೆ ಬಾ ಎಂದು ಒತ್ತಾಯಿಸಿದರು. 1870ರಲ್ಲಿ ಹೋಗಿಯೇಬಿಟ್ಟ. ಇದನ್ನು ‘ತವರಿಗೆ ಮರಳಿದ’ ಎಂದು ಬರೆಯುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಜಾಗ್ರೆಬ್ ಆತನ ಊರೇ ಅಲ್ಲ. ಸೊಲ್ಲಾಪುರದಲ್ಲಿ ಹುಟ್ಟಿ, ಮುಂಬೈಯಲ್ಲಿ ಹೆಸರು ಮಾಡಿದವನು ಧಾರವಾಡಕ್ಕೆ ಹೋಗಿ ನೆಲೆಸಿದಂತೆ. ಹೋದದ್ದು ಊರಿಗಲ್ಲ, ಭಾಷೆಗೆ.

ಕಳೆದುಕೊಂಡದ್ದೂ ಕಡಿಮೆಯಲ್ಲ. ಮರುವರ್ಷವೇ ಯೋಹಾನ್ ಸ್ಟ್ರೌಸ್ ಅಪೆರೆಟ್ಟಾಕ್ಕೆ ಇಳಿದ. ವಿಯೆನ್ನಾದ ಸುಗ್ಗಿಕಾಲ ಆರಂಭವಾಯಿತು. ಈಗಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲೇ ಹುಟ್ಟಿದ ಫ್ರಾನ್ಸ್ ಫಾನ್ ಸುಪ್ಪೆ ವಿಯೆನ್ನಾದಲ್ಲೇ ಉಳಿದ. ಅವನ ‘ಲೈಟ್ ಕ್ಯಾವಲ್ರಿ’ಯ ಕುದುರೆ ಓಟದ ರಾಗ ನೀವು ಹೆಸರು ತಿಳಿಯದೆಯೂ ಕಾರ್ಟೂನುಗಳಲ್ಲಿ ಕೇಳಿರುತ್ತೀರಿ. ಜಾಯ್ಟ್ಸ್‌ನದು?

ಜಾಗ್ರೆಬ್‌ನಲ್ಲಿ ಕೆಲಸ ಬೆಟ್ಟದಷ್ಟಿತ್ತು. 1870ರ ಅಕ್ಟೋಬರ್ 2ರಂದು ತನ್ನದೇ ‘ಮಿಸ್ಲಾವ್’ ಮೂಲಕ ಅಲ್ಲಿನ ಕಾಯಂ ಆಪೆರಾವನ್ನು ಶುರು ಮಾಡಿದ. ನಿರ್ದೇಶಕ, ಕಂಡಕ್ಟರ್, ಸಂಗೀತ ಶಾಲೆಯ ಮುಖ್ಯಸ್ಥ, ಎಲ್ಲವೂ ಒಬ್ಬನೇ. ಕೈಕೋಲು ಹಿಡಿದು ವೆರ್ಡಿಯಂಥವರ ಆಪೆರಾಗಳನ್ನು ಕ್ರೊಯೇಷಿಯನ್ ಭಾಷೆಯಲ್ಲಿ ಆಡಿಸಿದ. 1876ರಲ್ಲಿ ಬಂತು ‘ನಿಕೊಲಾ ಶುಬಿಚ್ ಜ್ರಿನ್ಸ್ಕಿ’. ಕಥೆ 1566ರದು, ನಮ್ಮ ತಾಳಿಕೋಟೆ ಕದನದ ಮರುವರ್ಷದ್ದು. ಸುಲ್ತಾನ ಸುಲೇಮಾನನ ದೊಡ್ಡ ಸೈನ್ಯ ಹಂಗೆರಿಯ ಸಿಗೆತ್ ಕೋಟೆಯನ್ನು ಮುತ್ತಿದೆ. ಒಳಗಿರುವ ಜ್ರಿನ್ಸ್ಕಿಗೆ ಗೆಲುವಿಲ್ಲ ಎಂದು ಗೊತ್ತು. ಕೊನೆಗೆ ಬಾಗಿಲು ತೆರೆದು ತನ್ನವರೊಂದಿಗೆ ಸಾಯಲು ಹೊರಡುತ್ತಾನೆ. ಅಲ್ಲಿ ಜಾಯ್ಟ್ಸ್ ಬಳಸಿದ್ದು ಹತ್ತು ವರ್ಷ ಹಿಂದೆ ವಿಯೆನ್ನಾದ ಹುಡುಗರಿಗೆ ಕೊಟ್ಟಿದ್ದ ಹಾಡನ್ನೇ.

ಆತನ ಸಂಗೀತ ತೀರಾ ಇಟಾಲಿಯನ್, ನೆಲದ ಜನಪದದ ಸೊಗಡು ಕಡಿಮೆ ಎಂಬ ಆಕ್ಷೇಪ ಇದೆ. ಕೇಳಿದರೆ ನಿಜವೆನಿಸುತ್ತದೆ, ವೆರ್ಡಿಯ ನೆರಳು ಎಲ್ಲೆಡೆ. 1200ಕ್ಕೂ ಮೀರಿದ ಕೃತಿಗಳಲ್ಲಿ ಎಲ್ಲವೂ ಬಾಳುವಂಥವಲ್ಲ. ಆದರೆ ಜನಪದ ಸೊಗಡಿನ ಆಪೆರಾ ಬರೆಯುವವರು ಮುಂದೆ ಬರಬೇಕಾದರೆ ಮೊದಲು ಹಾಡುಗಾರರು, ವಾದ್ಯಗಾರರು, ಟಿಕೆಟ್ ಕೊಂಡು ಬಂದು ಕೂರುವ ಜನ ಬೇಕಲ್ಲ? ಅವರನ್ನು ತಯಾರು ಮಾಡಿದ್ದು ಈತ.

1889ರಲ್ಲಿ ಹಣವಿಲ್ಲದೆ ಆಪೆರಾ ಮುಚ್ಚಿತು. ಹತ್ತೊಂಬತ್ತು ವರ್ಷದ ದುಡಿಮೆ. ಜಾಯ್ಟ್ಸ್ ವಿಯೆನ್ನಾಗೆ ವಾಪಸಾಗಲಿಲ್ಲ. 1908ರವರೆಗೂ ಸಂಗೀತ ಶಾಲೆ ನಡೆಸಿದ, 1914ರ ಡಿಸೆಂಬರ್‌ನಲ್ಲಿ ಜಾಗ್ರೆಬ್‌ನಲ್ಲೇ ತೀರಿಕೊಂಡ. ಇಟಾಲಿಯನ್ ಸಂಗೀತದಲ್ಲಿ ಬೆಳೆದ ರಿಯೆಕಾದ ರಾಷ್ಟ್ರೀಯ ರಂಗಮಂದಿರಕ್ಕೆ ಈಗ ಆತನದೇ ಹೆಸರು. ಜೊವಾನಿ ಅಂತಲ್ಲ, ಇವಾನ್ ಅಂತ.