ಹಳೇ ಬೈಕಿನ ಕಾರ್ಬರೇಟರ್ ಒಳಗೇನಿದೆ?

ಹೋದ ಮುಂಗಾರಿನಲ್ಲಿ ಹದ ಮಳೆ ಬಂತು. ಶೇಂಗಾ ಬೀಜ ತರಲು ಹೊರಟರೆ ನನ್ನ ಹಳೇ 100 ಸಿಸಿ ಬೈಕು ಚಾಲೂ ಆಗಲಿಲ್ಲ. ಎರಡು ತಿಂಗಳು ಕೊಟ್ಟಿಗೆಯಲ್ಲೇ ನಿಂತಿತ್ತು. ತಳ್ಳಿಕೊಂಡು ಹೋಗಿ ತೋರಿಸಿದೆ. ಮೆಕ್ಯಾನಿಕ್ 'ಕಾರ್ಬರೇಟರೇ ಹೊಸದು ಹಾಕಬೇಕು' ಅಂದ. ಬೀಜದ ದುಡ್ಡು ಅದಕ್ಕೆ ಸುರಿದರೆ ಬಿತ್ತೋದು ಏನನ್ನು? ವಾಪಸ್ ತಂದು ನಾನೇ ಬಿಚ್ಚಿದೆ.

ಬರೀ ಪೆಟ್ರೋಲಿನಿಂದ ಎಂಜಿನ್ ಓಡೋದಿಲ್ಲ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಈ ಬೆರಕೆ ಮಾಡೋದೇ ಕಾರ್ಬರೇಟರ್.

ಅದರ ಅಡಿಯಲ್ಲಿ ಪುಟ್ಟ ಬಟ್ಟಲಿದೆ. ಟ್ಯಾಂಕಿನ ಪೆಟ್ರೋಲು ಮೊದಲು ಅಲ್ಲಿಗಿಳಿಯುತ್ತೆ. ಒಳಗೊಂದು ಫ್ಲೋಟ್ ತೇಲುತ್ತಿರುತ್ತೆ. ನೀರಿನ ಟ್ಯಾಂಕಿನ ಬಾಲು ನೋಡಿದ್ದೀರಲ್ಲ, ಅದೇ ತರ. ಬಟ್ಟಲು ತುಂಬಿದರೆ ಮೇಲೆದ್ದು ಸಣ್ಣ ಪಿನ್ನಿನಿಂದ ದಾರಿ ಮುಚ್ಚುತ್ತೆ. ಪಿನ್ನಿಗೆ ಕಸ ಸಿಕ್ಕಿದರೆ ಪೆಟ್ರೋಲು ಕೆಳಗಿನ ಪೈಪಿನಲ್ಲಿ ಸೋರುತ್ತೆ.

ಬಟ್ಟಲಿನ ಮೇಲೆ ಗಾಳಿ ಹಾಯುವ ಕೊಳವೆ, ನಡುವೆ ಕಿರಿದು. ಪಿಸ್ಟನ್ ಕೆಳಗಿಳಿದಾಗ ಗಾಳಿಯನ್ನು ಎಳೆದುಕೊಳ್ಳುತ್ತೆ. ಕಾಲುವೆ ಕಿರಿದಾದ ಕಡೆ ನೀರು ರಭಸವಾಗಿ ಓಡುವಂತೆ ಇಲ್ಲಿ ಗಾಳಿಗೂ ರಭಸ. ರಭಸ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಬಟ್ಟಲಿನಲ್ಲಾದರೋ ಹೊರಗಿನ ಗಾಳಿಯ ಒತ್ತಡವೇ ಇರುತ್ತೆ. ಅದು ಪೆಟ್ರೋಲನ್ನು ಜೆಟ್ ಎಂಬ ಹಿತ್ತಾಳೆ ತೂತಿನ ಮೂಲಕ ಮೇಲಕ್ಕೆ ದೂಡುತ್ತೆ. ಸೊಳ್ಳೆಗೆ ಹೊಡೆಯುತ್ತಿದ್ದ ಹಳೇ ಫ್ಲಿಟ್ ಪಂಪಿನದೂ ಇದೇ ಕೆಲಸ.

ಆಕ್ಸಿಲೇಟರ್ ತಿರುವಿದರೆ ಕೇಬಲ್ ಒಂದು ಸ್ಲೈಡನ್ನು ಎತ್ತುತ್ತೆ. ಅದಕ್ಕೆ ತಗುಲಿದ ಮೊನಚು ಸೂಜಿಯೂ ಏರುತ್ತೆ. ಗಾಳಿ, ಪೆಟ್ರೋಲು ಎರಡೂ ಹೆಚ್ಚುತ್ತವೆ. ಚೋಕ್ ಎಳೆದರೆ ಗಾಳಿ ಕಮ್ಮಿಯಾಗಿ ಪೆಟ್ರೋಲಿನ ಪಾಲು ಜಾಸ್ತಿ. ಎಂಜಿನ್ ತಣ್ಣಗಿದ್ದಾಗ ಮಾತ್ರ ಇದು ಬೇಕು.

ಚಾಲೂ ಆಗಲಿಕ್ಕೆ, ನಿಧಾನ ಓಡಲಿಕ್ಕೆ ಪೈಲಟ್ ಜೆಟ್ ಅಂತ ಬೇರೆಯೇ ಇದೆ. ಅದರ ತೂತು ಬಲು ಸಣ್ಣದು. ನಿಂತ ಪೆಟ್ರೋಲು ಆರಿ ಅಂಟಾದರೆ ಮೊದಲು ಕಟ್ಟೋದು ಇದೇ. ನನ್ನದೂ ಕಟ್ಟಿತ್ತು. ಹಿಂದೊಮ್ಮೆ ಹೊಲಿಗೆ ಸೂಜಿಯಿಂದ ಕೆರೆದು ತೂತು ದೊಡ್ಡದು ಮಾಡಿ ಮೈಲೇಜ್ ಕೆಡಿಸಿಕೊಂಡಿದ್ದೆ. ಹೊಸ ಜೆಟ್ ತರಬೇಕಾಯ್ತು. ಈ ಸಲ ಪೆಟ್ರೋಲಿನಲ್ಲಿ ರಾತ್ರಿ ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಬೆಳಕಿಗೆ ಹಿಡಿದರೆ ತೂತು ಕಂಡಿತು. ಜೋಡಿಸಿ ಐದಾರು ಕಿಕ್ ಹೊಡೆಯುವಷ್ಟರಲ್ಲಿ ಬೈಕು ಚಾಲೂ! ಅದೇ ದಿನ ಬೀಜ ಬಂತು.

ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಅದು ತೇವ ಹೀರುತ್ತೆ, ಹಾಗಾಗಿ ನಿಂತ ಬೈಕಿಗೆ ಇನ್ನೂ ಜೋಪಾನ ಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲ ಅಡಿಯ ಸ್ಕ್ರೂ ಸಡಿಲಿಸಿ, ಇರೋದನ್ನು ಡಬ್ಬಿಗೆ ಇಳಿಸಿಬಿಡಿ. ಬೀಡಿ ಸೇದೋರು ಹತ್ತಿರ ಬೇಡ. 2020ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಚ್ಚಿನವು ಇಂಜೆಕ್ಷನ್‌ನವು. ಅವಕ್ಕೆ ಕಾರ್ಬರೇಟರೇ ಇಲ್ಲ, ಸುಮ್ಮನೆ ಬಿಚ್ಚಲು ಹೋಗಬೇಡಿ.